ವ್ಯಾನಿನ ತಳ ತುಕ್ಕು ಹಿಡಿದಿದೆಯೇ? ಮೊದಲು ನೀರು ಬರುವ ದಾರಿ ಹುಡುಕಿ



ಸಂಘಕ್ಕೆ ಹಾಲಿನ ಕ್ಯಾನ್ ಸಾಗಿಸಲು, ಪಶು ಆಹಾರದ ಮೂಟೆ ತರಲು, ಮಕ್ಕಳನ್ನು ಶಾಲೆಗೆ ಬಿಡಲು, ಹೀಗೆ ನಮ್ಮ ಅನೇಕ ಮನೆಗಳಲ್ಲಿ ಹಳೆಯ ವ್ಯಾನ್ ಒಂದು ದಿನವಿಡೀ ದುಡಿಯುತ್ತದೆ. ಅದರಲ್ಲೂ ಓಮ್ನಿ ಹೆಚ್ಚು. 1984ರಲ್ಲಿ ಮಾರುಕಟ್ಟೆಗೆ ಬಂದ ಈ ವ್ಯಾನಿನ ತಯಾರಿಕೆ 2019ರಲ್ಲಿ ನಿಂತಿತು. ಹಾಗಾಗಿ ಈಗ ಓಡುತ್ತಿರುವ ಓಮ್ನಿಗಳೆಲ್ಲ ಹಳೆಯವೇ. ಮ್ಯಾಟ್ ಎತ್ತಿ ನೋಡಿದರೆ ಹಲವು ವ್ಯಾನ್‌ಗಳ ತಳದಲ್ಲಿ ತುಕ್ಕು, ಕೆಲವಲ್ಲಿ ರಸ್ತೆಯೇ ಕಾಣುವಂಥ ತೂತು.

ತೂತಿಗೆ ತಗಡು ಬೆಸುಗೆ ಹಾಕಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಕೆಚ್ಚಲು ಬಾವಿಗೆ ಔಷಧ ಕೊಡಿಸಿ, ಹಸುವನ್ನು ಮತ್ತೆ ಅದೇ ಒದ್ದೆ ನೆಲದ ಮೇಲೆ ಕಟ್ಟಿದರೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತು. ವ್ಯಾನಿನದೂ ಅದೇ ಕಥೆ. ನೀರು ಒಳಗೆ ಬರುವ ದಾರಿ ಮುಚ್ಚದೆ ಹಾಕಿಸಿದ ಪ್ಯಾಚ್‌ನ ಪಕ್ಕದಲ್ಲೇ ಮತ್ತೆ ತೂತು ಬೀಳುತ್ತದೆ, ಬಟವಾಡೆಯ ಹಣ ಮತ್ತೆ ಗ್ಯಾರೇಜಿಗೆ ಹೋಗುತ್ತದೆ.

ನಮ್ಮ ವಾಹನಗಳಿಗೆ ತುಕ್ಕು ಬೇಗ ಏಕೆ?

ಕಬ್ಬಿಣಕ್ಕೆ ನೀರು ಮತ್ತು ಗಾಳಿ ಎರಡೂ ತಾಗಿದರೆ ತುಕ್ಕು ಹಿಡಿಯುತ್ತದೆ. ಉಪ್ಪು ಅಥವಾ ಹುಳಿ ಸೇರಿದರೆ ಇನ್ನೂ ಬೇಗ. ಚೆಲ್ಲಿದ ಹಾಲು ಹುಳಿಯಾಗುತ್ತದೆ. ಖನಿಜ ಮಿಶ್ರಣ ಮತ್ತು ಪಶು ಆಹಾರದಲ್ಲಿ ಉಪ್ಪಿನಂಶ ಇರುತ್ತದೆ. ಕರು ಸಾಗಿಸಿದರೆ ಗಂಜಲ, ಸಗಣಿ ಬೀಳುತ್ತದೆ. ಇವೆಲ್ಲ ಮ್ಯಾಟ್ ಕೆಳಗೆ ಇಳಿದು ಅಲ್ಲೇ ಉಳಿಯುತ್ತವೆ. ಮ್ಯಾಟ್ ಅಡಿಯಲ್ಲಿ ಫೋಮ್ ಅಥವಾ ಗೋಣಿಚೀಲ ಇದ್ದರೆ ಅದು ನೀರು ಹೀರಿಕೊಂಡು ವಾರಗಟ್ಟಲೆ ಒಣಗುವುದಿಲ್ಲ. ಮೇಲೆ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಕಡೆಗಣಿಸಿದರೆ ಪ್ರಾಣಕ್ಕೇ ಅಪಾಯ

ಓಮ್ನಿಯಲ್ಲಿ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೈಲೆನ್ಸರ್ ಪೈಪ್ ತಳದ ಅಡಿಯಲ್ಲೇ ಹಾದುಹೋಗುತ್ತದೆ. ತಳದಲ್ಲಿ ತೂತಿದ್ದರೆ, ಇಂಜಿನ್ ಮುಚ್ಚಳದ ರಬ್ಬರ್ ಹರಿದಿದ್ದರೆ ಹೊಗೆ ಒಳಗೆ ಬರಬಹುದು. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ವ್ಯಾನಿನಲ್ಲಿ ಕುಳಿತಾಗ ತಲೆನೋವು, ವಾಕರಿಕೆ, ಮಂಪರು ಬಂದು, ಇಳಿದು ಗಾಳಿಗೆ ನಿಂತಾಗ ಕಡಿಮೆಯಾದರೆ ಅದು ಎಚ್ಚರಿಕೆ. ಅಂಥ ವ್ಯಾನನ್ನು ಸರಿಪಡಿಸುವವರೆಗೆ ಬಳಸಬೇಡಿ. ಕಿಟಕಿ ಮುಚ್ಚಿಕೊಂಡು, ಇಂಜಿನ್ ಚಾಲೂ ಇಟ್ಟು ಮಕ್ಕಳನ್ನು ಒಳಗೆ ಕೂರಿಸಲೇಬೇಡಿ.

ಸೀಟು ಮತ್ತು ಸೀಟ್ ಬೆಲ್ಟ್‌ನ ಬೋಲ್ಟ್ ಕೂತಿರುವ ಜಾಗಕ್ಕೆ ತುಕ್ಕು ಬಂದಿದ್ದರೆ ಅಪಘಾತದ ಹೊತ್ತಿಗೆ ಬೆಲ್ಟ್ ಇದ್ದೂ ಇಲ್ಲದಂತೆ.

ಸೋರಿಕೆ ಪತ್ತೆ ಹಚ್ಚುವುದು ಹೇಗೆ?

ಮನೆಯ ಚಾವಣಿ ಒಂದು ಕಡೆ ಸೋರಿದರೆ ಗೋಡೆಯ ಕಲೆ ಇನ್ನೊಂದು ಕಡೆ ಕಾಣುತ್ತದೆ. ವ್ಯಾನಿನಲ್ಲೂ ನೀರು ನಿಂತ ಜಾಗವೇ ನೀರು ಬಂದ ಜಾಗ ಆಗಿರಬೇಕೆಂದಿಲ್ಲ. ಈ ಪರೀಕ್ಷೆಗೆ ಇಬ್ಬರು ಬೇಕು, ಒಂದು ನೀರಿನ ಪೈಪು, ಒಂದು ಟಾರ್ಚು ಸಾಕು.

1. ಮ್ಯಾಟ್, ಫೋಮ್ ಎಲ್ಲ ತೆಗೆಯಿರಿ. ಬಾಗಿಲು ತೆರೆದಿಟ್ಟು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ.

2. ಒಳಗಡೆ ಗಾಜಿನ ಅಂಚು, ಬಾಗಿಲ ಅಂಚು, ಮೂಲೆಗಳಲ್ಲಿ ಮುಖಕ್ಕೆ ಹಚ್ಚುವ ಪೌಡರ್ ತೆಳುವಾಗಿ ಉದುರಿಸಿ. ನೀರು ಇಳಿದ ಕಡೆ ಪೌಡರ್ ಮೇಲೆ ಗೆರೆ ಮೂಡುತ್ತದೆ.

3. ಒಬ್ಬರು ಟಾರ್ಚ್ ಹಿಡಿದು ಒಳಗೆ ಕುಳಿತುಕೊಳ್ಳಿ. ಇನ್ನೊಬ್ಬರು ಹೊರಗಿನಿಂದ ನೀರು ಬಿಡಲಿ. ಮೊದಲು ಬಾಗಿಲ ಕೆಳಭಾಗ, ನಂತರ ಕಿಟಕಿ, ಆಮೇಲೆ ಮುಂದಿನ ಗಾಜು, ಕೊನೆಗೆ ಚಾವಣಿ. ಒಂದೊಂದು ಕಡೆ ಐದು ನಿಮಿಷ. ಮೊದಲೇ ಚಾವಣಿಗೆ ನೀರು ಬಿಟ್ಟರೆ ಅದು ಎಲ್ಲ ಕಡೆ ಹರಿದು ಯಾವುದು ಸೋರುತ್ತಿದೆ ಎಂದೇ ತಿಳಿಯುವುದಿಲ್ಲ. ವಾಟರ್ ಸರ್ವೀಸ್‌ನ ಜೋರಾದ ನೀರು ಬೇಡ. ಅದು ಚೆನ್ನಾಗಿರುವ ರಬ್ಬರಿನಲ್ಲೂ ನುಗ್ಗುತ್ತದೆ.

4. ಬಾಗಿಲ ನಡುವೆ ಕಾಗದದ ಪಟ್ಟಿ ಇಟ್ಟು ಮುಚ್ಚಿ, ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ರಬ್ಬರ್ ಹಿಡಿಯುತ್ತಿಲ್ಲ.

5. ಕತ್ತಲಾದ ಮೇಲೆ ವ್ಯಾನಿನ ಅಡಿಯಲ್ಲಿ ದೀಪ ಇಟ್ಟು ಒಳಗಿನಿಂದ ನೋಡಿ. ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ಕಾಣುತ್ತದೆ.

ಸಾಮಾನ್ಯವಾಗಿ ಸಿಗುವ ಕಳ್ಳದಾರಿಗಳು ಇವು: ಮುಂದಿನ ಗಾಜಿನ ಗಟ್ಟಿಯಾದ ರಬ್ಬರ್, ಕ್ಯಾರಿಯರ್ ಕೂರಿಸಲು ಚಾವಣಿಗೆ ಹೊಡೆದ ಬೋಲ್ಟ್, ಹಿಂದಿನ ದೀಪದ ರಬ್ಬರ್, ವೈರ್ ಒಳಗೆ ಬರುವ ರಂಧ್ರದ ಬಿರಡೆ, ಬಾಗಿಲಿನ ಕೆಳ ಅಂಚಿನಲ್ಲಿ ಕಟ್ಟಿಕೊಂಡ ನೀರಿನ ತೂತು. ಬಾಗಿಲಿನೊಳಗೆ ನೀರು ಇಳಿಯುವುದು ಸಹಜ. ಅದು ಹೊರಹೋಗಲೆಂದೇ ಕೆಳಗೆ ಸಣ್ಣ ತೂತು ಇಟ್ಟಿರುತ್ತಾರೆ. ಅದನ್ನು ತೆಂಗಿನ ಕಡ್ಡಿಯಿಂದ ಬಿಡಿಸಿದರೆ ಸಾಕು, ಖರ್ಚೇ ಇಲ್ಲ.

ಮಳೆಯಿಲ್ಲದ ದಿನವೂ ಒಳಗೆ ಒದ್ದೆಯಾಗುತ್ತಿದೆಯೇ? ಬೆರಳಿನಿಂದ ಮುಟ್ಟಿ ನೋಡಿ. ಬಣ್ಣವಿದ್ದು ಜಿಗುಟಾಗಿದ್ದರೆ ಅದು ರೇಡಿಯೇಟರಿನ ಕೂಲೆಂಟ್ ಇರಬಹುದು. ಕೈ ತೊಳೆದುಕೊಂಡು ಮೆಕ್ಯಾನಿಕ್‌ಗೆ ತೋರಿಸಿ. ಕೂಲೆಂಟ್ ಸಿಹಿಯಾಗಿರುತ್ತದೆ, ಆದರೆ ವಿಷ. ಅಂಗಳದಲ್ಲಿ ಚೆಲ್ಲಿ ಕರು, ನಾಯಿ ನೆಕ್ಕದಂತೆ ನೋಡಿಕೊಳ್ಳಿ.

ಸೋರುವ ರಬ್ಬರನ್ನು ಬದಲಾಯಿಸಿ ಅಥವಾ ವಾಹನದ ಗಾಜಿಗೆಂದೇ ಸಿಗುವ ಸೀಲೆಂಟ್ ಹಾಕಿಸಿ. ಹುಳಿ ವಾಸನೆಯ ಬಾತ್‌ರೂಮ್ ಸಿಲಿಕಾನ್ ಬೇಡ. ಅದರಲ್ಲಿನ ಆಮ್ಲದಿಂದ ತಗಡಿಗೆ ತುಕ್ಕು ಹೆಚ್ಚುತ್ತದೆ.

ಈಗ ತಳದ ಕೆಲಸ

ತುಕ್ಕು ಇರುವ ಕಡೆಯೆಲ್ಲ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ತಗಡು ಗಟ್ಟಿಯಾಗಿದ್ದರೆ ಮೇಲ್ಪದರದ ತುಕ್ಕು ಮಾತ್ರ. ಇದನ್ನು ಮನೆಯಲ್ಲೇ ಸರಿಪಡಿಸಬಹುದು. ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕಣ್ಣಿಗೆ ಕನ್ನಡಕ ಹಾಕಿಕೊಂಡು ತಂತಿ ಬ್ರಷ್‌ನಿಂದ ಹೊಳೆಯುವವರೆಗೆ ಉಜ್ಜಿ. ಧೂಳು ಒರೆಸಿ, ಒಣಗಿಸಿ, ಪ್ರೈಮರ್ ಎರಡು ಕೋಟ್, ಅದರ ಮೇಲೆ ಪೇಂಟ್ ಹಚ್ಚಿ.

ಒತ್ತಿದಾಗ ಸ್ಕ್ರೂಡ್ರೈವರ್ ಒಳಗೆ ಹೋದರೆ ಟಿಂಕರ್ ಬಳಿ ಹೋಗಲೇಬೇಕು. ಅಲ್ಲಿ ಈ ಮಾತುಗಳನ್ನು ಕೇಳಿ:

- ಹಳೆಯ ತಗಡನ್ನು ಗಟ್ಟಿ ಇರುವ ಜಾಗದವರೆಗೆ ಕತ್ತರಿಸಿ ತೆಗೆಯುತ್ತೀರಾ? ತುಕ್ಕಿನ ಮೇಲೇ ಹೊಸ ತಗಡು ಕೂರಿಸಿದರೆ ಎರಡರ ನಡುವೆ ನೀರು ನಿಲ್ಲುತ್ತದೆ.
- ಯಾವ ದಪ್ಪದ ತಗಡು? ತಳಕ್ಕೆ 18 ಅಥವಾ 20 ಗೇಜ್, ಅಂದರೆ ಸುಮಾರು 1 ಮಿಲಿಮೀಟರ್ ದಪ್ಪದ್ದು ಸರಿಹೋಗುತ್ತದೆ.
- ಸಿಒ2 ವೆಲ್ಡಿಂಗ್ ಇದೆಯೇ? ಸಾಮಾನ್ಯ ಆರ್ಕ್ ವೆಲ್ಡಿಂಗ್‌ನಲ್ಲಿ ತೆಳು ತಗಡು ಸುಟ್ಟು ತೂತಾಗುವುದು ಸುಲಭ.
- ವೆಲ್ಡಿಂಗ್ ಆದ ಮೇಲೆ ಮೇಲೂ ಕೆಳಗೂ ಪ್ರೈಮರ್, ಜೋಡಣೆಗೆ ಸೀಲರ್, ಅಡಿಭಾಗಕ್ಕೆ ಅಂಡರ್ ಕೋಟಿಂಗ್ ಹಾಕುತ್ತೀರಾ? ಬೆಸುಗೆಯ ಬಿಸಿಗೆ ಕೆಳಗಿನ ಬಣ್ಣ ಸುಟ್ಟಿರುತ್ತದೆ. ಹಾಗೇ ಬಿಟ್ಟರೆ ಅಲ್ಲಿಂದಲೇ ತುಕ್ಕು ಶುರು.

ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ವೈರ್ ತೆಗೆಸಿ. ಮ್ಯಾಟ್, ಸೀಟು ಹೊರಗಿರಲಿ. ಪೆಟ್ರೋಲ್ ಟ್ಯಾಂಕ್, ಪೈಪ್ ಹತ್ತಿರದಲ್ಲಿದ್ದರೆ ಬಿಚ್ಚಿಸಿ ದೂರ ಇಡಿಸಿ. ಗ್ಯಾಸ್ ಕಿಟ್ ಇದ್ದರೆ ತಿಳಿದವರಿಂದಲೇ ಸಿಲಿಂಡರ್ ತೆಗೆಸಬೇಕು.

ತೂತಿಗೆ ಪುಟ್ಟಿ ತುಂಬಿ ಪೇಂಟ್ ಹೊಡೆಯುವುದು ದುರಸ್ತಿಯಲ್ಲ. ತುಕ್ಕಿನ ಮೇಲೆ ಡಾಂಬರು ಬಳಿದರೆ ತೇವ ಒಳಗೇ ಉಳಿಯುತ್ತದೆ. ಸೀಟು, ಬೆಲ್ಟ್ ಕೂರುವ ಜಾಗ ಮತ್ತು ಉದ್ದಕ್ಕೂ ಇರುವ ಭಾರ ಹೊರುವ ಪಟ್ಟಿಗಳ ಕೆಲಸವನ್ನು ಅನುಭವಿಗಳಿಂದ ಮಾತ್ರ ಮಾಡಿಸಿ. ಆ ಪಟ್ಟಿಗಳೇ ಉದುರುತ್ತಿದ್ದರೆ ಹಣ ಹಾಕುವ ಮೊದಲು ಲೆಕ್ಕ ಹಾಕಿ. ಸ್ವಂತ ಬಳಕೆಯ ವಾಹನದ ನೋಂದಣಿಯನ್ನು 15 ವರ್ಷದ ನಂತರ ನವೀಕರಿಸಬೇಕು, ಆಗ ವಾಹನ ತಪಾಸಣೆಯಲ್ಲಿ ಪಾಸಾಗಬೇಕು.

ಕೆಲಸ ಮುಗಿದ ಮೇಲೆ ಮ್ಯಾಟ್ ಹಾಕುವ ಮೊದಲೇ ಮತ್ತೊಮ್ಮೆ ನೀರು ಬಿಟ್ಟು ನೋಡಿ. ಒಳಗೆ ಒಣಗಿದ್ದರೆ ಮಾತ್ರ ಬಾಕಿ ಹಣ ಕೊಡಿ.

ಮುಂದೆ ತುಕ್ಕು ಬರದಂತೆ

- ಕ್ಯಾನ್‌ಗಳನ್ನು ಅಂಚಿರುವ ಪ್ಲಾಸ್ಟಿಕ್ ಟ್ರೇನಲ್ಲಿ ಇಡಿ. ಹಾಲು ಚೆಲ್ಲಿದರೆ ಅಂದೇ ಒದ್ದೆ ಬಟ್ಟೆಯಿಂದ ಒರೆಸಿ, ನಂತರ ಒಣ ಬಟ್ಟೆಯಿಂದ ಒರೆಸಿ.
- ಮೇವು, ಮೂಟೆ, ಕರು ಸಾಗಿಸುವಾಗ ಟಾರ್ಪಾಲ್ ಹಾಸಿ. ಇಳಿಸಿದ ಕೂಡಲೇ ಟಾರ್ಪಾಲ್ ತೆಗೆದು ತೊಳೆಯಿರಿ.
- ವಾರಕ್ಕೊಮ್ಮೆ ಮ್ಯಾಟ್ ಎತ್ತಿ ಬಿಸಿಲಿಗೆ ಹಾಕಿ.
- ಮುಂಗಾರಿಗೆ ಮೊದಲು ಬಾಗಿಲಿನ ನೀರಿನ ತೂತು ಬಿಡಿಸಿ. ಮಳೆಗಾಲ ಮುಗಿದ ಮೇಲೆ ಅಡಿಭಾಗದ ಕೆಸರು ತೊಳೆಸಿ.

ದಿನಾ ಕೊಟ್ಟಿಗೆ ತೊಳೆದು ಒಣಗಿಸುವ ಕೈಗಳಿಗೆ ಇದು ಕಷ್ಟದ ಕೆಲಸವಲ್ಲ. ಈ ಭಾನುವಾರ ಹಾಲು ಹಾಕಿ ಬಂದ ಮೇಲೆ ಒಮ್ಮೆ ಮ್ಯಾಟ್ ಎತ್ತಿ ನೋಡಿ.