ವರ್ಷದ ಕೊನೆಯ ಶುಕ್ರವಾರ ಮತ್ತು ಅದರ ಮುಂದಿನ ವಾರ

ನವೆಂಬರ್ ಮುಗಿಯುತ್ತಿದ್ದಂತೆ ಗಾಂಧಿನಗರದಲ್ಲಿ ದಿನಾಂಕಗಳ ಮಾತು ಶುರುವಾಗುತ್ತದೆ. ಕ್ರಿಸ್‌ಮಸ್‌ಗೆ ಯಾರ ಚಿತ್ರ, ವರ್ಷದ ಕೊನೆಯ ಶುಕ್ರವಾರ ಯಾರ ಪಾಲಿಗೆ, ಯಾರು ಸಂಕ್ರಾಂತಿಗೆ ಸರಿದರು ಎಂಬುದು ಚಿತ್ರರಂಗದ ಒಳಗಿನವರಿಗಷ್ಟೇ ಅಲ್ಲ, ಟೀಸರ್ ನೋಡಿ ದಿನ ಎಣಿಸುವ ಸಾಮಾನ್ಯ ಪ್ರೇಕ್ಷಕರಿಗೂ ಕುತೂಹಲದ ವಿಷಯ. ಈ ಕಾತರಕ್ಕೆ ಗಟ್ಟಿ ಕಾರಣವಿದೆ. ‘ಮುಂಗಾರು ಮಳೆ’ ತೆರೆಗೆ ಬಂದದ್ದು 2006ರ ಡಿಸೆಂಬರ್ 29ರಂದು. ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ 2014ರ ಕ್ರಿಸ್‌ಮಸ್ ದಿನ, ‘ಕಿರಿಕ್ ಪಾರ್ಟಿ’ 2016ರ ಡಿಸೆಂಬರ್ 30ರಂದು, ‘ಕೆಜಿಎಫ್’ ಮೊದಲ ಭಾಗ 2018ರ ಡಿಸೆಂಬರ್ 21ರಂದು, ‘ಕಾಟೇರ’ 2023ರ ಡಿಸೆಂಬರ್ 29ರಂದು ಬಂದವು. ಕಳೆದ ಎರಡು ದಶಕಗಳಲ್ಲಿ ಕನ್ನಡಿಗರು ಮತ್ತೆ ಮತ್ತೆ ಮಾತಾಡಿಕೊಂಡ ಇಷ್ಟು ಚಿತ್ರಗಳು ಒಂದೇ ಹತ್ತು ದಿನಗಳ ಅವಧಿಯಲ್ಲಿ ಬಿಡುಗಡೆ ಕಂಡಿವೆ ಎಂದ ಮೇಲೆ ನಿರ್ಮಾಪಕರು ಆ ಹತ್ತು ದಿನಗಳಿಗೆ ಮುಗಿಬೀಳುವುದು ಸಹಜ. ಆದರೆ ಈ ಪಟ್ಟಿಯಿಂದ ನಮ್ಮ ಚಿತ್ರರಂಗ ಕಲಿತ ಪಾಠ ಅರ್ಧ ಮಾತ್ರ ಸರಿ ಎಂಬುದು ನನ್ನ ವಾದ. ರಜೆಯ ದಿನ ಚಿತ್ರಕ್ಕೆ ಒಳ್ಳೆಯ ಆರಂಭ ಕೊಡುತ್ತದೆ, ನಿಜ. ಈ ಚಿತ್ರಗಳು ದೊಡ್ಡದಾಗಿ ಬೆಳೆದದ್ದು ಮಾತ್ರ ರಜೆ ಮುಗಿದು ಜನ ಕೆಲಸಕ್ಕೆ ಮರಳಿದ ಮೇಲೆ.

ಮೊದಲಿಗೆ, ಡಿಸೆಂಬರೇ ಯಾಕೆ? ಕರ್ನಾಟಕದ ಶಾಲಾ ಮಕ್ಕಳಿಗೆ ದೊಡ್ಡ ರಜೆ ಸಿಗುವುದು ದಸರೆಗೆ ಮತ್ತು ಏಪ್ರಿಲ್-ಮೇ ಬೇಸಿಗೆಯಲ್ಲಿ. ಕ್ರಿಸ್‌ಮಸ್‌ಗೆ ಹೆಚ್ಚಿನ ಕಡೆ ಒಂದೇ ದಿನ. ಪಂಚಾಂಗದ ಪ್ರಕಾರ ಅದು ಮದುವೆ ಮುಂಜಿಗಳಿಗೂ ಆಗದ ಧನುರ್ಮಾಸ. ಮುಹೂರ್ತ ನೋಡದೆ ಕ್ಯಾಮೆರಾ ಚಾಲೂ ಮಾಡದ ಉದ್ಯಮ ಆ ಮಾಸವನ್ನೇ ಆರಿಸಿಕೊಳ್ಳುತ್ತದೆ ಎಂದರೆ ಬೇರೆ ತಿಂಗಳುಗಳ ಇಕ್ಕಟ್ಟು ಎಷ್ಟಿರಬೇಕು! ಸಂಕ್ರಾಂತಿ ತೆಲುಗು, ತಮಿಳು ಚಿತ್ರಗಳ ಹಬ್ಬ. ದೀಪಾವಳಿ ತಮಿಳು ಮತ್ತು ಹಿಂದಿಯವರದು, ಈದ್ ಹಿಂದಿಯವರದು. ಮಾರ್ಚ್ ಬಂದರೆ ಪರೀಕ್ಷೆ, ಅದರ ಬೆನ್ನಿಗೇ ಮೇ ಕೊನೆಯವರೆಗೆ ಐಪಿಎಲ್. ಹೈದರಾಬಾದಿನಲ್ಲೋ ಚೆನ್ನೈಯಲ್ಲೋ ಹಬ್ಬದ ವಾರ ಹೆಚ್ಚಿನ ತೆರೆಗಳು ಅಲ್ಲಿಯ ಭಾಷೆಗೇ ಸಿಗುತ್ತವೆ. ಬೆಂಗಳೂರಿನ ತೆರೆಗಳನ್ನು ಕನ್ನಡ, ತೆಲುಗು, ತಮಿಳು, ಹಿಂದಿ, ಮಲಯಾಳಂ, ಇಂಗ್ಲಿಷ್ ಚಿತ್ರಗಳು ಹಂಚಿಕೊಳ್ಳುತ್ತವೆ. ಹಾಗಾಗಿ ಯಾರ ಹಬ್ಬಕ್ಕೂ ಸೇರದೆ ಉಳಿದ ವರ್ಷಾಂತ್ಯ ಕನ್ನಡದ ಪಾಲಿಗೆ ಬಂತು. ಅದೂ ಈಗ ಖಾಲಿಯಿಲ್ಲ. 2021ರ ಡಿಸೆಂಬರ್ 17ಕ್ಕೆ ‘ಪುಷ್ಪ’ ಬಂತು, ಮರುವರ್ಷ 16ಕ್ಕೆ ‘ಅವತಾರ್’ ಎರಡನೇ ಭಾಗ, 2023ರಲ್ಲಿ 21ಕ್ಕೆ ‘ಡಂಕಿ’, 22ಕ್ಕೆ ‘ಸಲಾರ್’. 2025ರಲ್ಲಂತೂ ಸುದೀಪ್ ಅವರ ‘ಮಾರ್ಕ್’ ಮತ್ತು ಶಿವರಾಜ್‌ಕುಮಾರ್, ಉಪೇಂದ್ರ, ರಾಜ್ ಬಿ. ಶೆಟ್ಟಿ ಅಭಿನಯದ ‘45’ ಎರಡೂ ಕ್ರಿಸ್‌ಮಸ್ ದಿನವೇ ತೆರೆಗೆ ಬಂದವು. ಹೊರಗಿನವರ ಪೈಪೋಟಿಗೆ ನಮ್ಮವರ ನಮ್ಮವರ ಪೈಪೋಟಿಯೂ ಸೇರಿಕೊಂಡಿತು.

ಇಷ್ಟಾದರೂ ಅದೇ ದಿನ ಬೇಕೆನ್ನುವುದಕ್ಕೆ ಹಣದ ಲೆಕ್ಕವೇ ಕಾರಣ. ದೊಡ್ಡ ಚಿತ್ರಕ್ಕೆ ತಂದ ಸಾಲದ ಬಡ್ಡಿ ತಿಂಗಳ ಲೆಕ್ಕದಲ್ಲಿ ಏರುತ್ತಲೇ ಇರುತ್ತದೆ. ವಿತರಕರು ಕೊಟ್ಟ ಮುಂಗಡವನ್ನು ಆದಷ್ಟು ಬೇಗ ಹಿಂಪಡೆಯಬೇಕಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಲ್ಟಿಪ್ಲೆಕ್ಸ್‌ಗಳಲ್ಲಿ ಟಿಕೆಟ್ ಹಣದ ಪಾಲು ವಾರ ಕಳೆದಂತೆ ನಿರ್ಮಾಪಕರ ಕೈಯಿಂದ ಜಾರುತ್ತದೆ. 2009ರಲ್ಲಿ ಹಿಂದಿ ನಿರ್ಮಾಪಕರು ಎರಡು ತಿಂಗಳು ಹೊಸ ಚಿತ್ರಗಳನ್ನೇ ಕೊಡದೆ ಮುಷ್ಕರ ಹೂಡಿ ಮಾಡಿಕೊಂಡ ಒಪ್ಪಂದದಲ್ಲಿ ಅವರ ಕಡೆಗೆ ಮೊದಲ ವಾರ ಶೇ. 50, ಎರಡನೇ ವಾರ ಶೇ. 42.5, ಮೂರನೇ ವಾರ ಶೇ. 37.5, ಆಮೇಲೆ ಶೇ. 30 ಎಂದು ನಿಗದಿಯಾಯಿತು. ಮೊದಲ ವಾರದ ಒಂದು ಟಿಕೆಟ್ ನಾಲ್ಕನೇ ವಾರದ ಟಿಕೆಟ್ಟಿಗಿಂತ ಹೆಚ್ಚು ಬಾಳುತ್ತದೆ ಎಂದಾದಾಗ, ಆದಷ್ಟು ಜನರನ್ನು ಮೊದಲ ಮೂರು ದಿನಗಳಲ್ಲೇ ತುಂಬಿಸುವ ಆತುರ ಹುಟ್ಟುತ್ತದೆ. ಆತುರದ ಹಿಂದೆ ಬೆಳಗಿನ ಆರು ಗಂಟೆಯ ಫ್ಯಾನ್ಸ್ ಶೋ, ಏರಿಸಿದ ಟಿಕೆಟ್ ದರ, ಮೊದಲ ದಿನದ ಗಳಿಕೆಯ ಪೋಸ್ಟರ್ ಎಲ್ಲವೂ ಬರುತ್ತವೆ. ನಿರ್ಮಾಪಕರನ್ನು ದುರಾಸೆಯವರೆಂದು ಬೈಯುವುದು ಸುಲಭ. ಅವರು ಆಡುತ್ತಿರುವ ಆಟದ ನಿಯಮವೇ ಹಾಗಿದೆ ಎಂಬುದನ್ನು ಒಪ್ಪಿಕೊಂಡೇ ಮುಂದೆ ಮಾತಾಡಬೇಕು.

ಈಗ ಗೆದ್ದ ಚಿತ್ರಗಳನ್ನೇ ಹತ್ತಿರದಿಂದ ನೋಡೋಣ. ‘ಮುಂಗಾರು ಮಳೆ’ ಬಿಡುಗಡೆಯಾದಾಗ ಗಣೇಶ್ ಇನ್ನೂ ತಾರೆಯಾಗಿರಲಿಲ್ಲ. ಯೋಗರಾಜ್ ಭಟ್ಟರ ಹೆಸರಿಗೆ ಜನ ಮುಗಿಬೀಳುವ ಕಾಲವೂ ಬಂದಿರಲಿಲ್ಲ. ಆ ಚಿತ್ರ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಮೀರಿ ಓಡಿತು. ಅಂದರೆ ಆ ಡಿಸೆಂಬರ್‌ನಿಂದ ಮುಂದಿನ ಡಿಸೆಂಬರ್‌ವರೆಗಿನ ಪ್ರತಿ ಹಬ್ಬ, ಪ್ರತಿ ಪರೀಕ್ಷೆ, ಪ್ರತಿ ಕ್ರಿಕೆಟ್ ಸರಣಿಯನ್ನೂ ದಾಟಿತು. ವರ್ಷಾಂತ್ಯದ ರಜೆ ಅದಕ್ಕೆ ಕೊಟ್ಟದ್ದು ನಾಲ್ಕು ದಿನ, ಉಳಿದದ್ದೆಲ್ಲ ನೋಡಿ ಬಂದವರು ಹೇಳಿದ ಮಾತಿನ ಫಲ. ‘ಕೆಜಿಎಫ್’ ಬಂದ ದಿನವೇ ಶಾರುಖ್ ಖಾನ್ ಅವರ ‘ಝೀರೊ’ ಕೂಡ ಬಂತು. ಹಿಂದಿ ನಾಡಿನಲ್ಲಿ ಯಶ್ ಹೆಸರನ್ನು ಹೆಚ್ಚಿನವರು ಕೇಳಿಯೂ ಇರಲಿಲ್ಲ. ಕ್ರಿಸ್‌ಮಸ್ ರಜೆ ಎರಡಕ್ಕೂ ಸಮನಾಗಿ ಸಿಕ್ಕಿತ್ತು, ಜನವರಿಗೆ ಬಂದಾಗ ಉಳಿದುಕೊಂಡದ್ದು ಒಂದೇ.

‘ಕಾಂತಾರ’ದ ಕಥೆ ಇನ್ನೂ ಸ್ಪಷ್ಟ. 2022ರ ಸೆಪ್ಟೆಂಬರ್ 30ರಂದು, ನವರಾತ್ರಿಯ ನಡುವೆ, ಅದು ಕನ್ನಡದಲ್ಲಿ ಮಾತ್ರ ತೆರೆಗೆ ಬಂತು. ಅದೇ ದಿನ ಮಣಿರತ್ನಂ ಅವರ ‘ಪೊನ್ನಿಯಿನ್ ಸೆಲ್ವನ್’ ಮತ್ತು ಹಿಂದಿಯ ‘ವಿಕ್ರಂ ವೇದ’ ಬಿಡುಗಡೆಯಾದವು. ವಿಜಯದಶಮಿ ಅಕ್ಟೋಬರ್ 5ಕ್ಕೆ ಮುಗಿಯಿತು. ಡಬ್ಬಿಂಗ್ ಆವೃತ್ತಿಗಳು ಬಂದದ್ದು ಹಬ್ಬವೆಲ್ಲ ಕಳೆದು, ಬೇರೆ ರಾಜ್ಯಗಳ ಜನ ‘ಆ ಕನ್ನಡ ಚಿತ್ರ’ ಎಂದು ಕೇಳತೊಡಗಿದ ಮೇಲೆ. ಹಿಂದಿಯಲ್ಲಿ ಅಕ್ಟೋಬರ್ 14ಕ್ಕೆ, ಮರುದಿನ ತೆಲುಗು ಮತ್ತು ತಮಿಳಿನಲ್ಲಿ, ಆಮೇಲೆ ಮಲಯಾಳಂನಲ್ಲಿ. ದೀಪಾವಳಿಗೆಂದೇ ಕಾದಿರಿಸಿಕೊಂಡು ಅಕ್ಟೋಬರ್ 25ರಂದು ಬಂದ ‘ರಾಮ್ ಸೇತು’, ‘ಥ್ಯಾಂಕ್ ಗಾಡ್’ ಚಿತ್ರಗಳು ತೆರೆಯಿಂದ ಇಳಿದ ಮೇಲೂ ಕರಾವಳಿಯ ಭೂತಾರಾಧನೆಯ ಈ ಕಥೆ ಉತ್ತರದ ಊರುಗಳಲ್ಲಿ ಓಡುತ್ತಿತ್ತು. ಒಟಿಟಿಗೆ ಅದು ಬಂದದ್ದು ನವೆಂಬರ್ 24ಕ್ಕೆ. ಆ ಎಂಟು ವಾರಗಳಲ್ಲಿ ಹಬ್ಬದ ದಿನಗಳು ಬೆರಳೆಣಿಕೆಯವು.

ರಜೆಯ ಹಂಗೇ ಇಲ್ಲದ ಗೆಲುವೂ ಇದೆ. ಜೆ.ಪಿ. ತುಮಿನಾಡು ನಿರ್ದೇಶಿಸಿ ರಾಜ್ ಬಿ. ಶೆಟ್ಟಿ ನಿರ್ಮಾಣದಲ್ಲಿ ಪಾಲುಗೊಂಡ ‘ಸು ಫ್ರಮ್ ಸೋ’ 2025ರ ಜುಲೈ 25ರಂದು ಬಂತು. ಅದು ಭೀಮನ ಅಮಾವಾಸ್ಯೆಯ ಮರುದಿನ. ಆಷಾಢ ಮುಗಿದಿತ್ತಷ್ಟೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೂ ಎರಡು ವಾರವಿತ್ತು. ಹೊರಗೆ ಮಳೆ, ಶಾಲೆಗಳು ಭರದಿಂದ ನಡೆಯುವ ದಿನಗಳು. ದೊಡ್ಡ ತಾರೆಯಿಲ್ಲ, ಕಟೌಟ್ ಇಲ್ಲ. ಬಿಡುಗಡೆಗೆ ಮೊದಲೇ ಕೆಲವು ಊರುಗಳಲ್ಲಿ ಟಿಕೆಟ್ ಇಟ್ಟು ತೋರಿಸಿದರು, ನೋಡಿದವರು ನಕ್ಕು ಬಂದು ಹತ್ತು ಜನರಿಗೆ ಹೇಳಿದರು. ಮೊದಲ ವಾರಾಂತ್ಯದೊಳಗೆ ಚಿತ್ರಮಂದಿರಗಳು ಬೆಳಗಿನ ಹೊತ್ತು ಹೆಚ್ಚುವರಿ ಪ್ರದರ್ಶನ ಹಾಕಬೇಕಾಯಿತು. ಚಿತ್ರದಲ್ಲಿ ಬರುವ, ಸೋಮೇಶ್ವರದ ಸುಲೋಚನೆಯ ಹೆಸರಿನ ದೆವ್ವಕ್ಕೆ ನಾಡಿನ ತುಂಬ ನೆಂಟರು ಹುಟ್ಟಿಕೊಂಡರು. ಇದಕ್ಕೆ ಎದುರಾಗಿ, ವರ್ಷಗಟ್ಟಲೆ ತಯಾರಿ ನಡೆಸಿ, ಹಲವು ಭಾಷೆಗಳಲ್ಲಿ, 2024ರ ದಸರಾ ರಜೆಗೇ ಬಂದ ‘ಮಾರ್ಟಿನ್’ ನಿರೀಕ್ಷಿಸಿದಷ್ಟು ನಿಲ್ಲಲಿಲ್ಲ. ಚಿತ್ರಕ್ಕೆ ದಮ್ಮಿಲ್ಲದಿದ್ದರೆ ಆಯುಧಪೂಜೆಯೂ ಕಾಪಾಡದು, ಇದ್ದರೆ ಜುಲೈ ಮಳೆಯೂ ತಡೆಯದು.

ಇದಕ್ಕೊಂದು ತಕರಾರು ಬರುತ್ತದೆ. ಇಪ್ಪತ್ತು ಲಕ್ಷದ ಚಿತ್ರವನ್ನೂ ನೂರು ಕೋಟಿಯ ಚಿತ್ರವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ, ದೊಡ್ಡ ಬಂಡವಾಳಕ್ಕೆ ರಜೆಯ ಜನಸಂದಣಿ ಬೇಕೇ ಬೇಕು ಎನ್ನುತ್ತಾರೆ. ಒಪ್ಪುವ ಮಾತು. ‘ಕೆಜಿಎಫ್’ ಎರಡನೇ ಭಾಗ 2022ರ ಏಪ್ರಿಲ್ 14ರ ಗುರುವಾರ ಬಂದದ್ದು ಯೋಚಿಸಿಯೇ. ಅಂದು ಅಂಬೇಡ್ಕರ್ ಜಯಂತಿ ಮತ್ತು ಮಹಾವೀರ ಜಯಂತಿ, ಮರುದಿನ ಗುಡ್ ಫ್ರೈಡೆ, ಆಮೇಲೆ ಶನಿವಾರ, ಭಾನುವಾರ. ‘ಕಾಂತಾರ ಚಾಪ್ಟರ್ 1’ ಕೂಡ 2025ರಲ್ಲಿ ಗಾಂಧಿ ಜಯಂತಿ ಮತ್ತು ವಿಜಯದಶಮಿ ಒಟ್ಟಿಗೆ ಬಿದ್ದ ಅಕ್ಟೋಬರ್ 2ನ್ನು ಆರಿಸಿಕೊಂಡಿತು. ಇಂಥ ಚಿತ್ರಗಳು ಹಬ್ಬಕ್ಕೆ ಬರಲಿ. ತೊಂದರೆ ಇರುವುದು ಒಂದೇ ದಿನಕ್ಕೆ ಎರಡು ದೊಡ್ಡ ಕನ್ನಡ ಚಿತ್ರಗಳು ಬಂದು, ಮುಂದಿನ ಮೂರು ತಿಂಗಳು ತೆರೆಗಳು ಬಿಕೋ ಎನ್ನುವಾಗ. ಆಯ್ಕೆ ಹೆಚ್ಚಿದರೆ ಪ್ರೇಕ್ಷಕರಿಗೆ ಒಳ್ಳೆಯದೇ ಅಲ್ಲವೇ ಎಂದೂ ಕೇಳಬಹುದು. ಮಲ್ಟಿಪ್ಲೆಕ್ಸಿನಲ್ಲಿ ಟಿಕೆಟ್ಟಿಗೆ 300 ರೂಪಾಯಿ ಎಂದಿಟ್ಟುಕೊಂಡರೂ ನಾಲ್ಕು ಜನರ ಕುಟುಂಬಕ್ಕೆ 1,200 ರೂಪಾಯಿ. ಪಾಪ್‌ಕಾರ್ನ್, ಪಾರ್ಕಿಂಗ್ ಸೇರಿದರೆ ಇನ್ನೂ ಹೆಚ್ಚು. ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿ ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿಯಮಕ್ಕೆ ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಹೀಗಿರುವಾಗ ಆ ಕುಟುಂಬ ಹಬ್ಬದ ವಾರ ಒಂದೇ ಚಿತ್ರಕ್ಕೆ ಹೋಗುತ್ತದೆ. ಇನ್ನೊಂದಕ್ಕೆ ‘ಒಟಿಟಿಯಲ್ಲಿ ನೋಡಿದರಾಯಿತು’ ಎನ್ನುತ್ತದೆ. ದಕ್ಷಿಣದ ಎಷ್ಟೋ ಚಿತ್ರಗಳು ನಾಲ್ಕು ವಾರಕ್ಕೇ ಮೊಬೈಲಿಗೆ ಬರುವುದರಿಂದ ಆ ಮಾತು ಸುಳ್ಳೂ ಆಗುವುದಿಲ್ಲ.

ಈ ಇಕ್ಕಟ್ಟಿನ ನಿಜವಾದ ಪೆಟ್ಟು ಬೀಳುವುದು ತಾಲ್ಲೂಕು ಕೇಂದ್ರದ ಒಂಟಿ ತೆರೆಯ ಚಿತ್ರಮಂದಿರಕ್ಕೆ. ಅಲ್ಲಿ ದಿನಕ್ಕೆ ನಾಲ್ಕು ಆಟ. ಹಬ್ಬದ ವಾರ ಇಬ್ಬರು ತಾರೆಯರ ಚಿತ್ರ ಬಂದರೆ ಮಾಲೀಕರು ಒಂದನ್ನು ಹಾಕಿ ಇನ್ನೊಂದನ್ನು ಬಿಡಬೇಕು. ಇಲ್ಲವೇ ಎರಡೆರಡು ಆಟ ಹಂಚಿ ಇಬ್ಬರ ಅಭಿಮಾನಿಗಳ ಸಿಟ್ಟಿಗೂ ಗುರಿಯಾಗಬೇಕು. ಮುಂದಿನ ಶುಕ್ರವಾರ ಮತ್ತೊಂದು ಚಿತ್ರ ಬಾಗಿಲಲ್ಲಿ ನಿಂತಿರುತ್ತದೆ. ಬಾಯಿಮಾತು ಊರು ಸುತ್ತುವ ಮೊದಲೇ ಗುರುವಾರ ರಾತ್ರಿ ಹಳೆಯ ಬ್ಯಾನರ್ ಇಳಿಯುತ್ತದೆ, ಚಿತ್ರ ಎತ್ತಂಗಡಿಯಾಗುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಅದೇ ಚಿತ್ರಮಂದಿರದ ಮಧ್ಯಾಹ್ನದ ಆಟಕ್ಕೆ ಹತ್ತು ಜನ ಬಂದರೆ ಹೆಚ್ಚು. ಕರೆಂಟ್ ಬಿಲ್, ಡಿಜಿಟಲ್ ಪ್ರೊಜೆಕ್ಷನ್ ಶುಲ್ಕ, ಗೇಟ್‌ಕೀಪರ್ ಸಂಬಳ ಆಗಲೂ ಕಟ್ಟಲೇಬೇಕು. ಬೆಂಗಳೂರಿನ ‘ಕಪಾಲಿ’ 2017ರಲ್ಲಿ, ‘ಕಾವೇರಿ’ 2024ರಲ್ಲಿ ಬಾಗಿಲು ಹಾಕಿದ್ದಕ್ಕೆ ಜಾಗದ ಬೆಲೆಯೂ ಕಾರಣ. ಆದರೆ ವರ್ಷವಿಡೀ ಜನ ಬರುವ ಚಿತ್ರಮಂದಿರವನ್ನು ಕೆಡವಲು ಯಾರಿಗೂ ಸುಲಭವಾಗಿ ಮನಸ್ಸು ಬಾರದು.

ದಾರಿ ಇಲ್ಲವೆಂದಲ್ಲ. 2024ರ ಸಂಕ್ರಾಂತಿಗೆ ತೆಲುಗಿನಲ್ಲಿ ‘ಗುಂಟೂರು ಕಾರಂ’, ‘ಹನುಮಾನ್’, ‘ಸೈಂಧವ್’, ‘ನಾ ಸಾಮಿ ರಂಗ’ ಒಂದರ ಮೇಲೊಂದು ಬಂದವು. ಐದನೆಯದಾಗಿ ಬರಬೇಕಿದ್ದ ರವಿತೇಜ ಅವರ ‘ಈಗಲ್’ ಚಿತ್ರವನ್ನು ಅಲ್ಲಿಯ ವಾಣಿಜ್ಯ ಮಂಡಳಿಯವರು ಮಾತುಕತೆ ನಡೆಸಿ ಫೆಬ್ರವರಿ 9ಕ್ಕೆ ಒಯ್ದರು. ಅದೇ ಸಂಕ್ರಾಂತಿಯಲ್ಲಿ ತೆರೆಗಳ ಕೊರತೆ ಅನುಭವಿಸಿದ ‘ಹನುಮಾನ್’ ಎರಡನೇ ವಾರದಿಂದ ಉಳಿದವರನ್ನು ಹಿಂದೆ ಹಾಕಿತು. ನಮ್ಮ ವಾಣಿಜ್ಯ ಮಂಡಳಿಯೂ ಡಿಸೆಂಬರ್, ದಸರೆಗಳ ದಿನಾಂಕಗಳನ್ನು ಆರು ತಿಂಗಳು ಮೊದಲೇ ಕೂತು ಹಂಚಬಹುದು. ಎರಡು ದೊಡ್ಡ ಕನ್ನಡ ಚಿತ್ರಗಳ ನಡುವೆ ಕನಿಷ್ಠ ಎರಡು ವಾರ ಬಿಡಿಸಬಹುದು. ದಿನಾಂಕ ಬಿಟ್ಟುಕೊಟ್ಟವರಿಗೆ ಮುಂದಿನ ವಾರಗಳಲ್ಲಿ ತೆರೆಗಳ ಭರವಸೆ ಕೊಡಿಸಬಹುದು. ಯಾರ ಚಿತ್ರ ಹಿಂದೆ ಸರಿಯಬೇಕು ಎಂಬ ಪ್ರಶ್ನೆಗೆ ತಾರೆಯರ ಅಭಿಮಾನವೇ ಅಡ್ಡ ಬರುತ್ತದೆ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ. ತೆಲುಗಿನಲ್ಲಿಯೂ ಆ ಅಡ್ಡಿ ಕಡಿಮೆಯಿರಲಿಲ್ಲ.

ಪ್ರೇಕ್ಷಕರಾದ ನಮ್ಮ ಪಾಲಿನ ಕೆಲಸ ಇನ್ನೂ ಸರಳ. ಈ ವರ್ಷಾಂತ್ಯಕ್ಕೂ ನೀವು ಕಾದಿರುವ ಚಿತ್ರವನ್ನು ಮೊದಲ ದಿನವೇ ನೋಡಿ, ಸಿಳ್ಳೆ ಹಾಕಿ, ಸಂಭ್ರಮಿಸಿ. ಅದು ನಮ್ಮ ಊರುಗಳ ದೊಡ್ಡ ಸಂತೋಷಗಳಲ್ಲಿ ಒಂದು, ಅದನ್ನು ಬಿಡಿ ಎಂದು ಯಾರೂ ಹೇಳಬಾರದು. ಜೊತೆಗೆ, ಜನವರಿ ಮೊದಲ ಅಥವಾ ಎರಡನೇ ವಾರದ ಒಂದು ಸಾಮಾನ್ಯ ಬುಧವಾರ ಸಂಜೆ, ಹಬ್ಬದ ನೂಕುನುಗ್ಗಲಿನಲ್ಲಿ ನಿಮ್ಮ ಕೈತಪ್ಪಿದ ಇನ್ನೊಂದು ಕನ್ನಡ ಚಿತ್ರಕ್ಕೆ ಮನೆಯವರನ್ನು ಕರೆದುಕೊಂಡು ಹೋಗಿ. ಇಷ್ಟವಾದರೆ ಮರುದಿನವೇ ನಾಲ್ಕು ಜನರಿಗೆ ಹೇಳಿ, ಏಕೆಂದರೆ ಅದರ ಹಣೆಬರಹ ಸೋಮವಾರದಿಂದ ಗುರುವಾರದೊಳಗೆ ತೀರ್ಮಾನವಾಗುತ್ತಿರುತ್ತದೆ.