ಎರಡು ಜೀವ, ಇಬ್ಬರ ಊಟವಲ್ಲ

ಅಕ್ಸ್‌ಬ್ರಿಡ್ಜ್‌ನ ಕನ್ನಡದ ಮನೆಯೊಂದರಿಂದ ಸಿಹಿ ಸುದ್ದಿ ಊರಿಗೆ ತಲುಪಿದೊಡನೆ ಅಲ್ಲಿಂದ ಬರುವ ಮೊದಲ ಮಾತು: “ನೀನೀಗ ಎರಡು ಜೀವದವಳು ಕಣಮ್ಮ, ಇಬ್ಬರ ಊಟ ಮಾಡು.” ಆ ಮಾತಿನಲ್ಲಿರುವುದು ಅಕ್ಕರೆ. ಆದರೆ ಇಲ್ಲಿನ ಮಿಡ್‌ವೈಫ್ ಹೇಳುವುದು ಬೇರೆ.

ಸಾಮಾನ್ಯವಾಗಿ ಹತ್ತನೆಯ ವಾರದೊಳಗೆ ನಡೆಯುವ ಮೊದಲ ಭೇಟಿಯಲ್ಲಿ ಆಕೆ ಎತ್ತರ, ತೂಕಗಳನ್ನು ಬರೆದುಕೊಳ್ಳುತ್ತಾಳೆ. ಗರ್ಭಿಣಿಯ ತೂಕ ಎಷ್ಟು ಏರಬೇಕೆಂಬುದು ಬಹುಮಟ್ಟಿಗೆ ಆರಂಭದ ತೂಕವನ್ನೇ ಅವಲಂಬಿಸಿದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಸೂಚಿಸಿದಂತೆ, ತೀರ ತೆಳ್ಳಗಿದ್ದವರಿಗೆ 12.5ರಿಂದ 18 ಕಿಲೋ, ಸಾಧಾರಣ ಮೈಕಟ್ಟಿನವರಿಗೆ 11.5ರಿಂದ 16, ಬೊಜ್ಜು ಇದ್ದವರಿಗೆ 5ರಿಂದ 9 ಕಿಲೋ ಸಾಕು. ಏರಿಕೆಯ ಬಹುಪಾಲು ಇಪ್ಪತ್ತನೆಯ ವಾರದ ನಂತರದ್ದು. ಮೊದಲ ತಿಂಗಳುಗಳ ವಾಂತಿಯಿಂದ ತೂಕ ತುಸು ಇಳಿಯುವುದೂ ಉಂಟು.

ಹೆಚ್ಚುವರಿ ಆಹಾರ ಬೇಕಾಗುವುದು ಕೊನೆಯ ಮೂರು ತಿಂಗಳಲ್ಲಿ. ಅದೂ ದಿನಕ್ಕೆ ಸುಮಾರು 200 ಕ್ಯಾಲೊರಿ, ಅಂದರೆ ಹೆಚ್ಚುಕಡಿಮೆ ಒಂದು ಚಪಾತಿ, ಒಂದು ಸಣ್ಣ ಲೋಟ ಹಾಲು.

ಪರದೇಶದ ಬದುಕು ಈ ಲೆಕ್ಕವನ್ನು ಕೆಡಿಸುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ನಡಿಗೆ ನಿಲ್ಲುತ್ತದೆ. ಕೂತು ಮಾಡುವ ಕೆಲಸ, ಕೆಟ್ಟ ನಿದ್ರೆ, ಒಂಟಿತನ, ಜತೆಗೆ ಊರಿನಿಂದ ಬಂದ ಅಂಟಿನುಂಡೆಯ ಡಬ್ಬಿ.

ನಮ್ಮವರಿಗೆ ಇನ್ನೊಂದು ಎಚ್ಚರವೂ ಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ನಡೆದ ಅಧ್ಯಯನದಲ್ಲಿ ನೂರಕ್ಕೆ ಸುಮಾರು ಆರು ಗರ್ಭಿಣಿಯರಿಗೆ ಗರ್ಭಾವಧಿಯ ಮಧುಮೇಹ ಕಂಡುಬಂತು. ಅಲ್ಲಿನ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ಚಿಕ್ಕವು. ಆದರೂ ಬೆನ್ನಿನ ಚರ್ಮದಡಿಯ ಕೊಬ್ಬು ಅದೇ ಪ್ರಮಾಣದಲ್ಲಿ ಕಡಿಮೆಯಿರಲಿಲ್ಲ. ತೆಳ್ಳಗೆ ಕಾಣುವ ಮೈ ನಿರ್ಭಯದ ಗುರುತಲ್ಲ. ಆದ್ದರಿಂದಲೇ ಬ್ರಿಟನ್ನಿನಲ್ಲಿ ದಕ್ಷಿಣ ಏಷ್ಯಾದವರಿಗೆ ಅಧಿಕ ತೂಕದ ಗಡಿ ಬಿಎಂಐ 25 ಅಲ್ಲ, 23. ನಮ್ಮ ಗರ್ಭಿಣಿಯರಿಗೆ 24–28ನೆಯ ವಾರಗಳ ನಡುವೆ ಸಕ್ಕರೆಯ ಪರೀಕ್ಷೆಯನ್ನೂ ಮಾಡುತ್ತಾರೆ.

ಹಾಗೆಂದು ಉಪವಾಸವೂ ಸಲ್ಲದು. ಬಸಿರಿನಲ್ಲಿ ತೂಕ ಇಳಿಸುವ ಪಥ್ಯ ತರವಲ್ಲ. ಮುಖ, ಕೈ ಹಠಾತ್ತಾಗಿ ಊದಿ, ತಲೆನೋವು ಕಾಡಿ, ಕಣ್ಣು ಮಂಜಾದರೆ ಅದು ಊಟದ ತೂಕವಲ್ಲ, ರಕ್ತದೊತ್ತಡದ ಸೂಚನೆಯಿರಬಹುದು. ಕೂಡಲೇ ಆಸ್ಪತ್ರೆಗೆ ತಿಳಿಸಬೇಕು.

ಊರಿನ ತಾಯಂದಿರಲ್ಲಿ ಒಂದು ವಿನಂತಿ: ನಾಳೆ ಫೋನಿನಲ್ಲಿ “ಎಷ್ಟು ತಿಂದೆ?” ಎಂದು ಕೇಳುವ ಮೊದಲು “ಇವತ್ತು ಸ್ವಲ್ಪ ನಡೆದೆಯಾ, ಮಗಳೇ? ನಿದ್ದೆ ಬಂತೇ?” ಎಂದು ಕೇಳಿ.