ಬೆಂಕಿಯನ್ನು ಗೆದ್ದ ಸಭಾಭವನ

ಸುಟ್ಟು ಬೂದಿಯಾದ ಕಟ್ಟಡಕ್ಕೆ ಜೀರ್ಣೋದ್ಧಾರವುಂಟೆ?

ದಾಸ್ಯದಲ್ಲಿ ಹುಟ್ಟಿ ಸ್ವಾತಂತ್ರ್ಯವನ್ನು ಕಂಡ ಜಾನ್ ಬುಷ್ ಮತ್ತು ಚೆಸ್ಟರ್ ಕೀಟ್ಸ್ ಎಂಬಿಬ್ಬರು ಅಮೆರಿಕೆಯ ಲಿಟಲ್ ರಾಕ್ ನಗರದಲ್ಲಿ 1883ರಲ್ಲಿ ವಿಧ್ಯುಕ್ತವಾಗಿ ಸ್ಥಾಪಿಸಿದ ಮೊಸಾಯಿಕ್ ಟೆಂಪ್ಲರ್ಸ್ ಎಂಬ ಭ್ರಾತೃಸಂಘವು, ಕರಿಯ ಜನಾಂಗದ ಸದಸ್ಯರಿಗೆ ಜೀವವಿಮೆಯನ್ನೂ ಅಂತ್ಯಕ್ರಿಯೆಯ ವೆಚ್ಚವನ್ನೂ ಒದಗಿಸುತ್ತ ಬೆಳೆದು, ತನ್ನ ಕೇಂದ್ರಕ್ಕಾಗಿ ಒಂಬತ್ತನೆಯ ಬೀದಿಯಲ್ಲಿ ಕಟ್ಟಿಸಿದ ಸೌಧದಲ್ಲಿ, 1913ರಲ್ಲಿ ಆ ಜನಾಂಗದ ಹೆಸರಾಂತ ಮುಂದಾಳು ಬುಕರ್ ಟಿ. ವಾಷಿಂಗ್ಟನ್ನರು ಉದ್ಘಾಟನಾ ಭಾಷಣ ಮಾಡಿದರು.

ಕಾಲಾಂತರದಲ್ಲಿ ಅಲ್ಲಿ ಸಂಘವು ಅಳಿಯಿತು. ಜೀರ್ಣವಾಗಿದ್ದ ಸೌಧದ ಪುನರುದ್ಧಾರವು ನಡೆದಿರುವಾಗಲೇ, 2005ರಲ್ಲಿ, ಅದು ಅಗ್ನಿಗೆ ಆಹುತಿಯಾಯಿತು. ಆದರೂ ಸಂಕಲ್ಪವನ್ನು ಕೈಬಿಡದೆ, ಅದೇ ನಿವೇಶನದಲ್ಲಿ ಮೂಲರೂಪವನ್ನೇ ಅನುಸರಿಸಿ ಮರಳಿ ಕಟ್ಟಿದ ಭವನವು 2008ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅದರ ಮೇಲಂತಸ್ತಿನ ಸಭಾಂಗಣದಲ್ಲಿ ಇಂದು ಊರ ಜನರ ಸಭೆ ಸಮಾರಂಭಗಳು ಜರುಗುತ್ತವೆ.

ನಿಮ್ಮೂರಿನಲ್ಲಿಯೂ ಬೀಗ ಬಿದ್ದ ಸಂಘದ ಕಟ್ಟಡವೊಂದಿದ್ದರೆ, ಅದು ಕುಸಿಯುವ ಮುನ್ನವೇ ನಾಲ್ಕು ಜನ ಕೂಡಿ ವಿಚಾರ ಮಾಡಿರಿ.